ಮೂರು ರಾತ್ರಿ, ಮೂರು ಕಡೆ: ಮಗಳ ಕಾಲೇಜು ನೋಡಲು ದಾವಣಗೆರೆಗೆ

ಕಡೂರಿನಿಂದ ದಾವಣಗೆರೆಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. "ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡಬಹುದಲ್ಲ, ಉಳಿಯೋದು ಯಾಕೆ?" ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ನಾನು ಒಪ್ಪಲಿಲ್ಲ. ಸಿಇಟಿಯ ಅಣಕು ಸೀಟು ಹಂಚಿಕೆಯಲ್ಲಿ, ಅಂದರೆ ನಿಜವಾದ ಹಂಚಿಕೆಗೆ ಮೊದಲು ತೋರಿಸುವ ಅಂದಾಜಿನಲ್ಲಿ, ಮಗಳಿಗೆ ದಾವಣಗೆರೆ ಬಂದಿತ್ತು. ಆಪ್ಷನ್ ಪಟ್ಟಿಯಲ್ಲಿ ಕಾಲೇಜುಗಳನ್ನು ಹಿಂದೆಮುಂದೆ ಮಾಡಿಕೊಳ್ಳಲು ಇನ್ನು ಕೆಲವೇ ದಿನ ಇತ್ತು. ಅಲ್ಲಿನ ಎರಡು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯುಬಿಡಿಟಿಯನ್ನು ಮೇಲೆ ಹಾಕಬೇಕೋ, ಬಿಐಇಟಿಯನ್ನು ಮೇಲೆ ಹಾಕಬೇಕೋ ಅನ್ನೋದು ಅವಳ ಗೊಂದಲ. ನನ್ನದು ಬೇರೆ. ಅವಳು ಮನೆ ಬಿಟ್ಟು ಒಂದು ವಾರ ಇದ್ದವಳಲ್ಲ. ನಾಲ್ಕು ವರ್ಷ ಇರೋ ಊರು. ರಾತ್ರಿ ಎಂಟಕ್ಕೆ ಆ ಬೀದಿಯಲ್ಲಿ ದೀಪ ಇರುತ್ತಾ, ಜ್ವರ ಬಂದರೆ ಔಷಧಿ ಅಂಗಡಿ ಎಷ್ಟು ದೂರ, ಬೆಳಿಗ್ಗೆ ಸ್ನಾನಕ್ಕೆ ನೀರು ಬರುತ್ತಾ? ಇದೆಲ್ಲ ಹಗಲು ಹೋಗಿ ಬಂದರೆ ಗೊತ್ತಾಗಲ್ಲ.

ಹಾಗಾಗಿ ಟೈಲರಿಂಗ್ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ ಅವಳನ್ನು ಕರೆದುಕೊಂಡು ಹೊರಟೆ.

ಬುಧವಾರ

ಬೀರೂರು ದಾಟಿದರೆ ತೆಂಗಿನ ತೋಟ ಕಡಿಮೆ ಆಗುತ್ತಾ ಬರುತ್ತದೆ. ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್, ಆಮೇಲೆ ಚಿಕ್ಕಜಾಜೂರು. ಚಿತ್ರದುರ್ಗದ ಕಡೆ ಹೋಗುವ ಹಳಿ ಅಲ್ಲೇ ಕವಲೊಡೆಯುತ್ತದೆ. ಮಾಯಕೊಂಡದ ಹತ್ತಿರ ಬರುವಷ್ಟರಲ್ಲಿ ಎರಡೂ ಕಡೆ ಮೆಕ್ಕೆಜೋಳ, ಮೊಣಕಾಲುದ್ದ. ಜುಲೈ ತಿಂಗಳು, ಬಿಸಿಲಿಗಿಂತ ಗಾಳಿ ಜಾಸ್ತಿ. ತೋಳಹುಣಸೆಯಲ್ಲಿ ಹತ್ತಿಪ್ಪತ್ತು ಹುಡುಗ ಹುಡುಗಿಯರು ಬ್ಯಾಗ್ ಹಾಕಿಕೊಂಡು ಇಳಿದರು. ದಾವಣಗೆರೆ ವಿಶ್ವವಿದ್ಯಾಲಯ ಇರುವುದು ಅಲ್ಲೇ, ಶಿವಗಂಗೋತ್ರಿಯಲ್ಲಿ. ಮೊದಲು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ಮಗಳು ಕಿಟಕಿಯಿಂದ ಆ ಹುಡುಗಿಯರನ್ನೇ ನೋಡುತ್ತಿದ್ದಳು, ರೈಲು ಬಿಡುವವರೆಗೂ.

ದಾವಣಗೆರೆ ಸ್ಟೇಷನ್ ಊರ ನಟ್ಟನಡುವೆ ಇದೆ. ಹೊರಗೆ ಕಾಲಿಟ್ಟರೆ ಪಿ.ಬಿ. ರೋಡ್. ಪುಣೆ–ಬೆಂಗಳೂರು ರಸ್ತೆ ಹಿಂದೆ ಊರೊಳಗಿನಿಂದಲೇ ಹೋಗುತ್ತಿತ್ತು, ಹೆಸರು ಹಾಗೇ ಉಳಿದಿದೆ. ಈಗಿನ ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 48, ಊರಿನ ಹೊರಗೆ ಸುತ್ತು ಹಾಕಿಕೊಂಡು ಹೋಗುತ್ತದೆ. ನಮ್ಮ ಮೈದುನ ಮೊಬೈಲಿನಲ್ಲಿ ಬುಕ್ ಮಾಡಿಕೊಟ್ಟ ರೂಮ್ ಇದ್ದದ್ದು ಆ ಹೆದ್ದಾರಿ ಪಕ್ಕ. ಫೋಟೋದಲ್ಲಿ ಬಿಳಿ ಹಾಸಿಗೆ, ದೊಡ್ಡ ಕಿಟಕಿ, ಕೆಳಗೆ ಊಟದ ಹೋಟೆಲ್. ನಮಗೂ ಚೆನ್ನಾಗಿಯೇ ಕಂಡಿತ್ತು.

ಆಟೋದವರು ಹೋಗುವಾಗಲೇ ಕೇಳಿದರು, "ಅಷ್ಟು ದೂರ ಯಾಕ್ ಮಾಡೀರಿ ಅಕ್ಕಾರೆ? ಕೆಲಸ ಆ ಕಡೆ ಐತೇನು?" ಕೆಲಸ ಇದ್ದದ್ದು ಯುಬಿಡಿಟಿ ಇರುವ ಹದಡಿ ರಸ್ತೆಯಲ್ಲಿ. ರೂಮಿಗೆ ಹೋಗಿ, ಹನ್ನೆರಡರ ಚೆಕ್ ಇನ್‌ಗೆ ಕಾದು, ಮುಖ ತೊಳೆದು, ಊಟ ಮಾಡಿ, ಮತ್ತೆ ಆಟೋ ಸಿಗಲು ರಸ್ತೆ ಬದಿ ನಿಂತು ಕಾಲೇಜು ಮುಟ್ಟುವಷ್ಟರಲ್ಲಿ ನಾಲ್ಕೂವರೆ. ಗೇಟಿನ ಹತ್ತಿರ ಇದ್ದ ಹಿರಿಯರು ಮರ್ಯಾದೆಯಿಂದಲೇ ಹೇಳಿದರು, ಇವತ್ತು ಎಲ್ಲ ಮುಗೀತು, ನಾಳೆ ಹತ್ತಕ್ಕೆ ಬನ್ನಿ ಅಂತ. ಬ್ಯಾಗ್ ಇಡೋಕೆ ಹೋಗಿ ಒಂದು ದಿನ ಕಳೆದೇಹೋಯಿತು.

ರೂಮಿನ ಮೇಲೆ ನನಗೆ ದೂರು ಇಲ್ಲ. ಹಾಸಿಗೆ ಹೊದಿಕೆ ಶುಭ್ರವಾಗಿತ್ತು, ಅಂಚಿನ ಹೊಲಿಗೆಯೂ ನೇರವಾಗಿತ್ತು. ನಾನು ಹೋದ ಕಡೆ ಮೊದಲು ನೋಡುವುದೇ ಅದನ್ನು. ಕಾರಿನಲ್ಲಿ ಹುಬ್ಬಳ್ಳಿಗೆ ಹೋಗುವವರು ಒಂದು ರಾತ್ರಿ ಮಲಗಿ ಏಳಲು ಒಳ್ಳೇ ಜಾಗ. ಆದರೆ ನಮ್ಮ ಹತ್ತಿರ ಗಾಡಿ ಇಲ್ಲ. ಸಂಜೆ ಆರಕ್ಕೆ ವಾಪಸ್ ಬಂದವರು ಮತ್ತೆ ಹೊರಗೆ ಹೋಗಲಿಲ್ಲ. ನಡೆದು ಹೋಗೋಣ ಅಂದರೆ ಲಾರಿ ಓಡಾಡುವ ಸರ್ವೀಸ್ ರಸ್ತೆ. ರಾತ್ರಿ ಎರಡಾದರೂ ಹಾರ್ನ್. ಮಗಳು ಕತ್ತಲಲ್ಲಿ ಕೇಳಿದಳು, "ಅಮ್ಮ, ದಾವಣಗೆರೆ ಅಂದ್ರೆ ಹೀಗೇನಾ?" ಅವಳು ಆವತ್ತು ದಾವಣಗೆರೆ ನೋಡಿಯೇ ಇರಲಿಲ್ಲ. ಹೊರವಲಯದ ರಸ್ತೆ ನೋಡಿ ಇಡೀ ಊರೇ ಹೀಗೆ ಅಂದುಕೊಂಡು ಅವಳು ಬೇಡ ಅಂದುಬಿಟ್ಟರೆ ಅನ್ನೋ ಭಯಕ್ಕೆ ನನಗೆ ನಿದ್ದೆ ಬರಲಿಲ್ಲ.

ಗುರುವಾರ

ಬೆಳಿಗ್ಗೆ ಏಳೂವರೆಗೆ ರೂಮ್ ಖಾಲಿ ಮಾಡಿದೆವು. ನಿನ್ನೆಯ ಆಟೋದವರ ನಂಬರ್ ಇಟ್ಟುಕೊಂಡಿದ್ದೆ, ಅವರೇ ಬಂದರು. ದಾರಿಯಲ್ಲಿ ಊರಿನ ಲೆಕ್ಕ ಹೇಳಿಕೊಟ್ಟರು. ರೈಲು ಹಳಿ ಊರನ್ನು ಎರಡು ಮಾಡಿದೆ. ಒಂದು ಕಡೆ ಮಂಡಿಪೇಟೆ, ಚೌಕಿಪೇಟೆ, ದುಗ್ಗಮ್ಮನ ಗುಡಿ, ಹಳೇ ಊರು. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್‌ಗಳು, ವಿದ್ಯಾನಗರ, ಹದಡಿ ರಸ್ತೆ. ಓದೋ ಮಕ್ಕಳೆಲ್ಲ ಹೆಚ್ಚಾಗಿ ಈ ಕಡೆ. "ಮೊದಲು ಯಾವ ಕಾಲೇಜು ಅಂತ ಹೇಳ್ರಿ, ಆಮ್ಯಾಲೆ ರೂಮ್ ನೋಡಣ," ಅಂದರು. ಈ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಒಂದು ಸಿಟಿ ಬಸ್ಸಿನ ಬೋರ್ಡಿನಲ್ಲಿ ಡಿಸಿಎಂ ಟೌನ್‌ಶಿಪ್ ಅಂತ ಇತ್ತು. ಹಾಗಂದರೆ ಏನು ಅಂತ ಮಗಳು ಕೇಳಿದಳು. ದಾವಣಗೆರೆ ಕಾಟನ್ ಮಿಲ್ ಅಂದೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದ ಊರು ಇದು. ನಮ್ಮತ್ತೆ ದಾವಣಗೆರೆ ಬಟ್ಟೆ ಅಂದರೆ ಮುಟ್ಟಿ ನೋಡದೇ ಕೊಳ್ಳುತ್ತಿದ್ದರು. ಗಿರಣಿಗಳು ಮುಚ್ಚಿದವು, ಬೋರ್ಡಿನ ಮೇಲೆ ಹೆಸರು ಉಳಿಯಿತು. ಈಗ ಸೈರನ್ ಬದಲು ಕಾಲೇಜಿನ ಗಂಟೆಗೆ ಈ ಊರು ಏಳುತ್ತದೆ ಅನ್ನಿಸಿತು ನನಗೆ.

ತಿಂಡಿಗೆ ಬೆಣ್ಣೆದೋಸೆ. ಆಟೋದವರು ನಿಲ್ಲಿಸಿದ್ದು ಒಂದು ಸಣ್ಣ ಹೋಟೆಲ್ ಮುಂದೆ, ಆರು ಮೇಜು ಅಷ್ಟೇ. ಕಟ್ಟಿಗೆ ಒಲೆ, ದಪ್ಪ ಕಾವಲಿ. ಹಿಟ್ಟು ಹುಯ್ದು, ತೆಳ್ಳಗೆ ಎಳೆಯದೆ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಬಿಟ್ಟು, ಮೇಲೆ ಬೆಣ್ಣೆ ಉಂಡೆ ಹಾಕಿ ಸವರಿದರು. ಬೆಣ್ಣೆ ಕರಗಿ ಅಂಚಿಗೆ ಹರಿದು ಅಲ್ಲಿ ಚುರ್ ಅಂತ ಕೆಂಪಾಗುತ್ತದೆ, ನಡುವೆ ಮೆತ್ತಗೆ ಉಳಿಯುತ್ತದೆ. ಅರಿಸಿನ ಇಲ್ಲದ ಬಿಳೀ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ರುಬ್ಬಿ ಹಾಕುತ್ತಾರೆ. 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋರು ಮಕ್ಕಳನ್ನು ಸಾಕಲು ನಾಟಕದ ಕೊಟ್ಟಿಗೆ ಹತ್ತಿರ ರಾಗಿ ದೋಸೆ ಮಾರುತ್ತಿದ್ದರಂತೆ, ಅವರ ಮಕ್ಕಳ ಕಾಲಕ್ಕೆ ಅದು ಬೆಣ್ಣೆದೋಸೆ ಆಯಿತು ಅಂತ ಊರವರು ಹೇಳುತ್ತಾರೆ. ಮಗಳು ಎರಡು ತಿಂದಳು. ರಾತ್ರಿಯ ಮುಖ ಹೋಗಿ ಬೇರೆ ಮುಖ ಬಂತು.

ಹತ್ತಕ್ಕೆ ಸರಿಯಾಗಿ ಯುಬಿಡಿಟಿ. 1951ರ ಕಾಲೇಜು. ಹೆಸರಿನ ಪೂರ್ತಿ ರೂಪ ಯೂನಿವರ್ಸಿಟಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್. ಈಗ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನಡೆಸುವ ಸ್ವಂತ ಕಾಲೇಜು. ಮಗಳಿಗೆ ಎಲೆಕ್ಟ್ರಿಕಲ್ ವಿಭಾಗ ನೋಡುವ ಆಸೆ. ಅಲ್ಲಿದ್ದ ಮೇಷ್ಟ್ರೊಬ್ಬರು ಬಿಡುವು ಮಾಡಿಕೊಂಡು ಲ್ಯಾಬ್ ತೋರಿಸಿದರು. ಹಳೇ ಮೋಟಾರುಗಳು, ಕೆಲವು ಹೊಸವು. ಅವಳು ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಕೊಟ್ಟರು. ನಾನು ಹಿಂದೆ ನಿಂತು ಕಾರಿಡಾರಿನಲ್ಲಿ ಹೋಗುವ ಹುಡುಗಿಯರನ್ನು ನೋಡುತ್ತಿದ್ದೆ. ಕೊನೆಗೆ ಧೈರ್ಯ ಮಾಡಿ ಇಬ್ಬರನ್ನು ನಿಲ್ಲಿಸಿ ಮಾತಾಡಿಸಿದೆ. ಒಬ್ಬಳು ಜಗಳೂರು, ಇನ್ನೊಬ್ಬಳು ಹೊಸಪೇಟೆ. ಮೂರನೇ ವರ್ಷ.

"ಹಾಸ್ಟೆಲ್ ಸಿಗುತ್ತಾ ಅಮ್ಮ?"

"ಎಲ್ಲರಿಗೂ ಸಿಗಲ್ಲ ಆಂಟಿ. ಸರ್ಕಾರದ ಹಿಂದುಳಿದ ವರ್ಗದೋರ ಬಿಸಿಎಂ ಹಾಸ್ಟೆಲ್‌ಗೆ ಅಡ್ಮಿಷನ್ ಆದ್ಮೇಲೆ ಆನ್‌ಲೈನಲ್ಲಿ ಹಾಕ್ಬೇಕು. ಅದು ಬರೋವರೆಗೂ ಪಿಜಿಲೇ ಇರ್ಬೇಕು. ನಮ್ಮ ಪಿಜಿ ನೋಡ್ತೀರಾ? ನಾಳೆ ಒಂದು ರಾತ್ರಿ ಇರಿ ಬೇಕಾದ್ರೆ, ಊರಿಂದ ಅಮ್ಮಂದಿರು ಬಂದ್ರೆ ಇರ್ತಾರೆ."

ಪಿಜಿಯಲ್ಲಿ ತಾಯಂದಿರು ರಾತ್ರಿ ಉಳಿಯಬಹುದು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನಂಬರ್ ಬರೆದುಕೊಂಡೆ.

ಆ ರಾತ್ರಿಗೆ ಎಂಸಿಸಿ ಬಿ ಬ್ಲಾಕ್ ಕಡೆ ಒಂದು ಲಾಡ್ಜ್. ಈ ಸಲ ಫೋಟೋ ನೋಡಲಿಲ್ಲ, ಕೌಂಟರಿಗೆ ಹೋಗಿ ಕೇಳಿದೆ. ಬಾಡಿಗೆ 900. ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡುವ ಲೆಕ್ಕವೋ, ಬಂದ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆಯೋ? ಇಪ್ಪತ್ನಾಲ್ಕು ಗಂಟೆ ಅಂದರು. ಇದನ್ನು ಕೇಳಲೇಬೇಕು, ಮಧ್ಯಾಹ್ನ ಬರುವವರಿಗೆ ಅರ್ಧ ದಿನದ ದುಡ್ಡು ಉಳಿಯುತ್ತದೆ. ಬಿಸಿನೀರು ಯಾವಾಗ? ಬೆಳಿಗ್ಗೆ ಆರರಿಂದ ಒಂಬತ್ತು. ಹತ್ತಿರದಲ್ಲಿ ಕಲ್ಯಾಣ ಮಂಟಪ ಇದೆಯಾ? ಇಲ್ಲ. ಇಬ್ಬರದೂ ಆಧಾರ್ ಕಾರ್ಡ್ ಕೇಳಿದರು, ಕೊಟ್ಟೆವು. ದುಡ್ಡು ಕೊಡುವ ಮೊದಲು ಮೇಲೆ ಹೋಗಿ ಬಾಗಿಲಿನ ಒಳ ಚಿಲಕ ಹಾಕಿ ನೋಡಿ ಬಂದೆ. ಹೆಣ್ಣುಮಕ್ಕಳಿಬ್ಬರೇ ಹೋದಾಗ ಇದರಲ್ಲಿ ನಾಚಿಕೆಪಡಬಾರದು. ಕೌಂಟರಿನಲ್ಲಿದ್ದವರೂ ಏನೂ ಅಂದುಕೊಳ್ಳಲಿಲ್ಲ, "ನೋಡ್ಕೊಂಡು ಬರ್ರಿ" ಅಂತ ಕೀ ಕೊಟ್ಟರು.

ಸಂಜೆ ಕಾಲ್ನಡಿಗೆಯಲ್ಲೇ ಸುತ್ತಿದೆವು. ಬೀದಿ ತುಂಬ ಮಕ್ಕಳು. ಜೆರಾಕ್ಸ್ ಅಂಗಡಿ, ಜ್ಯೂಸ್ ಅಂಗಡಿ, ಬಿಳಿ ಕೋಟು ಕೈಮೇಲೆ ಹಾಕಿಕೊಂಡ ಮೆಡಿಕಲ್ ಹುಡುಗಿಯರು. ಜೆಜೆಎಂ ಮೆಡಿಕಲ್ ಕಾಲೇಜು ಇದೇ ಕಡೆ, 1965ರಲ್ಲಿ ಶುರುವಾದದ್ದು. ತಳ್ಳುಗಾಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಇಲ್ಲಿ ಬಜ್ಜಿಗೆ ಮೆಣಸಿನಕಾಯಿ ಅಂತಲೇ ಹೆಸರು. ಎಂಟೂವರೆಗೂ ದೀಪ ಇತ್ತು, ಜನ ಇದ್ದರು, ಒಬ್ಬೊಬ್ಬರೇ ಹುಡುಗಿಯರು ಆರಾಮಾಗಿ ನಡೆದು ಹೋಗುತ್ತಿದ್ದರು. ನಾನು ನೋಡಬೇಕು ಅಂದುಕೊಂಡು ಬಂದದ್ದು ಅದನ್ನೇ.

ರಾತ್ರಿ ಹನ್ನೊಂದಕ್ಕೆ ಕುಡಿಯುವ ನೀರು ತರಲು ಹೊರಗೆ ಬಂದೆ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಸ್ಟೀಲ್ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹರಪನಹಳ್ಳಿ ಕಡೆಯವರು. ಮಗ ಆಸ್ಪತ್ರೆಯಲ್ಲಿ, ಬೈಕಿನಿಂದ ಬಿದ್ದು ಕಾಲು ಮುರಿದಿತ್ತು. ಗಂಡ ಅಲ್ಲಿ ಮಗನ ಹತ್ತಿರ, ಇವರು ಸ್ನಾನ ಮಾಡಿ ಸ್ವಲ್ಪ ಹೊತ್ತು ಮಲಗಲು ಬಂದವರು. ನಿದ್ದೆ ಹತ್ತಿರಲಿಲ್ಲ. ಆ ಲಾಡ್ಜಿನ ಮುಕ್ಕಾಲು ಪಾಲು ರೂಮುಗಳಲ್ಲಿ ಇದ್ದವರು ಹೀಗೆ ರೋಗಿಗಳ ಜೊತೆ ಬಂದವರೇ ಅಂತ ಆಮೇಲೆ ತಿಳಿಯಿತು. ಇಡೀ ರಾತ್ರಿ ಬಾಗಿಲು ತೆಗೆದು ಹಾಕುವ ಸದ್ದು, ಮೆಲ್ಲಗೆ ಫೋನಿನಲ್ಲಿ ಮಾತು. ಆ ಸದ್ದಿಗೆ ನನಗೆ ಬೇಜಾರಾಗಲಿಲ್ಲ. ಅವರ ಪಕ್ಕ ಅರ್ಧ ಗಂಟೆ ಕೂತೆ. ನಾವು ಯಾಕೆ ಬಂದಿದ್ದೇವೆ ಅಂತ ಕೇಳಿದರು. ಕಾಲೇಜು ನೋಡಲು ಅಂದೆ. "ಹೆಣ್ಮಗಳನ್ನ ಓದಸ್ರಿ ಅಕ್ಕ, ಚಲೋ ಆಗತೈತಿ," ಅಂತ ಹೇಳಿ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟರು.

ಶುಕ್ರವಾರ

ಬಿಐಇಟಿ ಶಾಮನೂರು ರಸ್ತೆಯಲ್ಲಿ. 1958ರಲ್ಲಿ ಶುರುವಾದ ಬಾಪೂಜಿ ವಿದ್ಯಾಸಂಸ್ಥೆಯವರು 1979ರಲ್ಲಿ ಕಟ್ಟಿದ್ದು. ದೊಡ್ಡ ಆವರಣ, ಅಚ್ಚುಕಟ್ಟು. ಮಗಳಿಗೆ ಗ್ರಂಥಾಲಯ ಬಹಳ ಹಿಡಿಸಿತು. ಫೀಸಿನ ವಿಷಯ ಸಿಇಟಿ ಸೀಟಿಗೆ ಎಷ್ಟು, ಬೇರೆ ಖರ್ಚು ಎಷ್ಟು ಅಂತ ಕೇಳಿ ಬರೆದುಕೊಂಡೆ. ಎರಡೂ ಕಾಲೇಜಿಗೆ ಒಂದೇ ಪುಟದಲ್ಲಿ ಎರಡು ಸಾಲು ಮಾಡಿ ಬರೆದರೆ ಮನೆಯಲ್ಲಿ ಕೂತು ನೋಡಲು ಸುಲಭ. ಮಧ್ಯಾಹ್ನ ಜೋಳದ ರೊಟ್ಟಿ ಊಟ, ಶೇಂಗಾ ಚಟ್ನಿಪುಡಿ. ಕುಂದವಾಡ ಕೆರೆ ಪಕ್ಕದ ಗಾಜಿನ ಮನೆ ನೋಡಿ ಅಂತ ಇಬ್ಬರು ಮೂವರು ಹೇಳಿದ್ದರು. ಹೋಗಲಿಲ್ಲ, ಪಿಜಿಗೆ ಬೇಗ ಹೋಗಬೇಕು ಅನ್ನೋ ಆತುರ ನನಗೆ.

ಪಿಜಿ ಇದ್ದದ್ದು ಹದಡಿ ರಸ್ತೆಯಿಂದ ಒಳಗಿನ ಬೀದಿಯಲ್ಲಿ. ಎರಡು ಮಹಡಿಯ ಮನೆ, ಕೆಳಗೆ ಮಾಲೀಕರು, ಮೇಲೆ ಹದಿನೆಂಟು ಹುಡುಗಿಯರು. ಮಾಲೀಕರು ಅರವತ್ತು ದಾಟಿದ ಅಮ್ಮ. "ಬರ್ರಿ ಒಳಗ, ಚಹಾ ಕುಡೀರಿ ಮೊದಲು," ಅಂತ ಕೂರಿಸಿದರು. ಒಂದು ರಾತ್ರಿಗೆ ಊಟ ಸೇರಿ ಇಬ್ಬರಿಗೆ 700. ಮಂಚ ಒಂದೇ ಖಾಲಿ ಇತ್ತು, ನನಗೆ ಕೆಳಗೆ ಹಾಸಿಗೆ ಹಾಕಿಕೊಟ್ಟರು.

ಬಚ್ಚಲಿನ ಹೊರಗೆ ಬಕೆಟ್‌ಗಳು ಸಾಲಾಗಿ ನಿಂತಿದ್ದವು. ಪ್ರತಿ ಬಕೆಟಿನ ಮೇಲೂ ಉಗುರು ಬಣ್ಣದಲ್ಲಿ ಹೆಸರು. ಕೆಂಪು, ನೇರಳೆ, ಹಸಿರು. ಅಡಿಗೆಮನೆ ಬಾಗಿಲಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿದ್ದರು. ರಾತ್ರಿ ಊಟಕ್ಕೆ ಇಲ್ಲದವರು ನಾಲ್ಕು ಗಂಟೆಯೊಳಗೆ ಅದರಲ್ಲಿ ಬರೆಯಬೇಕು, ಇಲ್ಲದಿದ್ದರೆ ಅವರ ಪಾಲಿನ ಅಕ್ಕಿ ಬೀಳುತ್ತದೆ. ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲ ದಿನವೂ ಇಬ್ಬರು ಮೂವರ ಹೆಸರಷ್ಟೇ ಇತ್ತು. ಅಂದರೆ ಉಳಿದವರೆಲ್ಲ ಇಲ್ಲೇ ಉಣ್ಣುತ್ತಾರೆ. ಊಟ ಹೇಗಿದೆ ಅಂತ ನಾನು ಮತ್ತೆ ಯಾರನ್ನೂ ಕೇಳಲಿಲ್ಲ.

ಕೇಳಿದ್ದು ನೀರಿನ ಬಗ್ಗೆ. ಸಂಪಿನ ಮುಚ್ಚಳ ತೆಗೆಸಿ ನೋಡಿದೆ, ಮುಕ್ಕಾಲು ತುಂಬಿತ್ತು. ನಲ್ಲಿ ನೀರು ದಿನಾ ಬರಲ್ಲ, ಬಂದಾಗ ತುಂಬಿಸಿಕೊಳ್ಳುತ್ತಾರೆ. ಬಳಸಲು ಬೋರ್. ಬೇಸಿಗೆಯಲ್ಲಿ ಕಷ್ಟ ಆಗುತ್ತೆ, ಆಗ ಟ್ಯಾಂಕರ್ ಹಾಕಿಸುತ್ತೀವಿ ಅಂತ ಆ ಅಮ್ಮ ಮುಚ್ಚಿಡದೆ ಹೇಳಿದರು. ಸೋಲಾರ್ ಬಿಸಿನೀರು ಬೆಳಿಗ್ಗೆ ಮೊದಲು ಎದ್ದವರಿಗೆ. ಗೇಟು ಹಾಕುವುದು ರಾತ್ರಿ ಎಂಟೂವರೆಗೆ. ಟ್ರೈನ್ ಲೇಟಾದರೆ ಫೋನ್ ಮಾಡಿದರೆ ಸಾಕು, ಎಷ್ಟು ಹೊತ್ತಾದರೂ ಅವರೇ ಎದ್ದು ತೆಗೆಯುತ್ತಾರಂತೆ. ಇದನ್ನು ಅವರು ಹೇಳಲಿಲ್ಲ, ಜಗಳೂರಿನ ಹುಡುಗಿ ಹೇಳಿದಳು. ಅದಕ್ಕೇ ನಂಬಿದೆ.

ರಾತ್ರಿ ಅನ್ನ, ಹೆಸರುಕಾಳು ಸಾರು, ಬದನೆಕಾಯಿ ಪಲ್ಯ. ಊಟ ಆದ ಮೇಲೆ ಒಬ್ಬಳು ಹುಡುಗಿ ಬಟ್ಟೆ ಹಿಡಿದು ಬಂದಳು. ಚೂಡಿದಾರದ ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತ್ತು, ಬೆಳಿಗ್ಗೆ ಸೆಮಿನಾರ್ ಅಂತೆ. ನಾನು ಟೈಲರ್ ಅಂತ ಮಗಳು ಹೇಳಿಬಿಟ್ಟಿದ್ದಳು. ಸೂಜಿ ದಾರ ಬ್ಯಾಗಿನಲ್ಲಿ ಇದ್ದೇ ಇರುತ್ತದೆ. ಒಂದು ಹೊಲಿದು ಕೊಟ್ಟೆ, ಇನ್ನೂ ನಾಲ್ಕು ಬಂದವು. ಕೊಂಡಿ ಕಿತ್ತ ಬ್ಲೌಸ್, ಜಿಪ್ ಹೋದ ಬ್ಯಾಗ್. ನಾನು ಹೊಲಿಯುತ್ತಾ ಕೂತೆ, ಅವರು ಸುತ್ತ ಕೂತು ಮಾತಾಡಿದರು. ಯಾವ ಸೆಮಿಸ್ಟರ್ ಕಷ್ಟ, ಮೊದಲ ತಿಂಗಳು ಯಾರು ಎಷ್ಟು ಅತ್ತರು, ಹಬ್ಬಕ್ಕೆ ಊರಿಗೆ ಹೋಗಲಾಗದಿದ್ದಾಗ ಕೆಳಗಿನ ಅಮ್ಮ ಹೋಳಿಗೆ ಮಾಡಿ ಮೇಲೆ ಕಳಿಸಿದ್ದು. ಕರೆಂಟು ಹೋಯಿತು, ಇನ್ವರ್ಟರ್ ಮೇಲೆ ಒಂದು ದೀಪ ಉಳಿಯಿತು. ಅದರ ಬೆಳಕಿನಲ್ಲಿ ನನ್ನ ಮಗಳು ಹೊಸಪೇಟೆ ಹುಡುಗಿಯ ಎಲೆಕ್ಟ್ರಿಕಲ್ ನೋಟ್ಸ್ ತಿರುವುತ್ತಿದ್ದಳು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನನಗೆ ಗಂಟಲು ಕಟ್ಟಿತು. ದಾರ ಕಚ್ಚುವ ನೆಪದಲ್ಲಿ ತಲೆ ಬಗ್ಗಿಸಿಕೊಂಡೆ.

ಹಾಸಿಗೆ ಹೆದ್ದಾರಿ ಲಾಡ್ಜಿನದಕ್ಕಿಂತ ತೆಳ್ಳಗಿತ್ತು. ಆದರೂ ಮೂರು ರಾತ್ರಿಯಲ್ಲಿ ನಾನು ಸರಿಯಾಗಿ ನಿದ್ದೆ ಮಾಡಿದ್ದು ಅಲ್ಲೇ.

ಶನಿವಾರ

ಆರಕ್ಕೆ ಹಾಲಿನವನ ಗಂಟೆ, ಬಚ್ಚಲ ಮುಂದೆ ಬಕೆಟ್ ಸದ್ದು. ತಿಂಡಿ ಚಿತ್ರಾನ್ನ. ಹುಡುಗಿಯರು ಕಾಲೇಜಿಗೆ ಹೊರಟಾಗ ನಾವೂ ಜೊತೆಗೆ ನಡೆದೆವು. ಪಿಜಿ ಗೇಟಿನಿಂದ ಯುಬಿಡಿಟಿ ಗೇಟಿನವರೆಗೆ ಹನ್ನೊಂದು ನಿಮಿಷ. ದಾರಿಯಲ್ಲಿ ಔಷಧಿ ಅಂಗಡಿ ಎರಡು, ಒಂದು ಬೇಕರಿ, ಹಿಟ್ಟಿನ ಗಿರಣಿ, ಸಣ್ಣ ಗಣಪತಿ ಗುಡಿ. ಗುಡಿ ಮುಂದೆ ಹುಡುಗಿಯರು ನಿಲ್ಲದೇ ಕೈ ಎದೆಗೆ ಮುಟ್ಟಿಸಿಕೊಂಡು ಹೋದರು. ನನ್ನ ಮಗಳೂ ಹಾಗೇ ಮಾಡಿದಳು.

ಹನ್ನೊಂದರ ಹೊತ್ತಿಗೆ ಸ್ಟೇಷನ್. ಅವರಪ್ಪನಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. "ಏನಾಯ್ತು ಪುಟ್ಟಿ, ಯಾವ ಕಾಲೇಜು ಮೇಲೆ ಹಾಕ್ತೀಯ?" ಅಂತ ಅವರು ಕೇಳಿದ್ದು ನನಗೂ ಕೇಳಿಸಿತು.

"ಅಪ್ಪ, ಕಿಟಕಿ ಪಕ್ಕದ ಮಂಚ ಆಗಸ್ಟ್‌ಗೆ ಖಾಲಿ ಆಗುತ್ತಂತೆ," ಅಂದಳು ಅವಳು. "ಬೇರೆ ಯಾರಿಗೂ ಕೊಡಬೇಡಿ ಅಂತ ಹೇಳಿ ಬಂದಿದೀನಿ."